ಹಳದಿ ಮೊದಲೋ ನೀಲಿ ಮೊದಲೋ

ಕ್ಯಾಸೆಟ್ ಅಂಗಡಿಯ ಅಣ್ಣ ತೀರಿಕೊಂಡ ಸುದ್ದಿಯನ್ನು ಗುಬ್ಬಿಯವರೊಬ್ಬರು ನಮ್ಮ ಗ್ರೂಪಿಗೆ ಹಾಕಿದಾಗ ಬೆಳಿಗ್ಗೆ ಏಳೂವರೆ. ಎಂಟರೊಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಒಂಬತ್ತಕ್ಕೆ ನಿಟ್ಟೂರಿನವನೊಬ್ಬ ಬರೆದ: 'ಕೊನೇ ಕಾಲದಲ್ಲಿ ಅಣ್ಣ ಏನೋ ಹೇಳಿದ್ರು, ಅದು ಬೇರೆ. ಹಳದಿನೇ ನಂಬರ್ ಒನ್.' ಅದರ ಕೆಳಗೆ ಕುಣಿಗಲ್‌ನವನು: 'ಸಾವಿನ ಮನೇಲಿ ಮಾತು ಬೇಡ ಅಂತಿದ್ದೆ. ಎತ್ತಿದೋನು ನೀನು. ನೀಲಿ.'

ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೊರಟೆ. ಮಣ್ಣು ಮುಗಿಸಿ ತುಮಕೂರಿಗೆ ವಾಪಸು ಬರುವಷ್ಟರಲ್ಲಿ ನೂರಕ್ಕೂ ಮಿಕ್ಕಿ ಮೆಸೇಜು. ಮೂವತ್ತು ವರ್ಷದಿಂದ ನಾನೂ ಈ ಜಗಳದಲ್ಲಿದ್ದೇನೆ. ನನಗೆ ಸಾಕಾಗಿದೆ. ಆದರೆ ಅವರ ಬಗ್ಗೆ ಇಷ್ಟಾದರೂ ಬರೆದಿಡಬೇಕು ಅನ್ನಿಸಿತು.

ಗ್ರೂಪು ಒಬ್ಬ ಗಾಯಕರ ಅಭಿಮಾನಿಗಳದ್ದು. ಜಿಲ್ಲೆಯ ಆಚೆ ಅವರ ಹೆಸರು ಕೇಳಿದವರು ಕಡಿಮೆ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದುಕೊಂಡು ಹಾಡು ಬರೆದವರು. ಬೇರೆ ಗಾಯಕರು ಕವಿಗಳ ಪದ್ಯ ಹಾಡುತ್ತಿದ್ದರು. ಈ ಗಾಯಕರ ಹಾಡಿನಲ್ಲಿ ಮಾತು, ಮಟ್ಟು, ಗಂಟಲು ಮೂರೂ ಅವರದೇ. ಬಸ್ಸು ತಪ್ಪಿಸಿಕೊಂಡವನ ಮೇಲೆ, ರೇಷನ್ ಕ್ಯೂನಲ್ಲಿ ನಿಂತವಳ ಮೇಲೆ, ಕಾಯಿ ಸುಲಿಯುವವನ ಮೇಲೆ ಹಾಡು ಕಟ್ಟಿದವರನ್ನು ನಾವು ಅಲ್ಲಿಯವರೆಗೆ ಕಂಡಿರಲಿಲ್ಲ. ಬೆಂಗಳೂರಿನ ಒಂದು ಸಣ್ಣ ಕಂಪನಿ ಅವರದು ಐದು ಕ್ಯಾಸೆಟ್ ತಂದಿತು. ಐದಕ್ಕೂ ಹೆಸರಿದೆ, ಯಾರೂ ಹೇಳುವುದಿಲ್ಲ. ಕವರಿನ ಬಣ್ಣದಲ್ಲೇ ಗುರುತು. ಮೊದಲು ಬಂದದ್ದು ಕೆಂಪು, ಆಮೇಲೆ ಹಸಿರು, ನೀಲಿ, ಹಳದಿ. ಕೊನೆಯದು ಬಿಳಿ.

ತುಮಕೂರು, ಕುಣಿಗಲ್ ಕಡೆಯವರಿಗೆ ಚೆಂದದಲ್ಲಿ ನೀಲಿಯೇ ಮೊದಲು. ಹಳದಿ ಅಂದರೆ ಅವರು, 'ಅದಾ? ಊಟ ಆದ್ಮೇಲೆ ಹಾಕ್ಕೊಳಪ್ಪ, ಚೆನ್ನಾಗ್ ನಿದ್ದೆ ಬರುತ್ತೆ' ಅನ್ನೋರು. ಗುಬ್ಬಿ, ಚೇಳೂರು, ನಿಟ್ಟೂರಿನವರಿಗೆ ಹಳದಿಯೇ ಮೊದಲು. 'ಹಳದಿ ಕೇಳಿ ತೂಕಡಿಸ್ತಾರಂತೆ. ಅವರ ಕಿವೀಗೆ ಏನ್ ಮೆತ್ಕೊಂಡವ್ರೆ? ಕೂತಲ್ಲೇ ಕಾಲು ಕುಣೀತದೆ ಕಣ್ರೀ ನಮಗೆ' ಅನ್ನೋರು. ಒಂದೇ ಕ್ಯಾಸೆಟ್ಟು ಒಬ್ಬರಿಗೆ ಜೋಗುಳ, ಇನ್ನೊಬ್ಬರಿಗೆ ಕುಣಿತ. ಇದು ಹೇಗೆ ಅಂತ ನಮ್ಮಲ್ಲಿ ಒಬ್ಬನಾದರೂ ನಿಂತು ಕೇಳಲಿಲ್ಲ. ಎದುರಿನವನಿಗೆ ಕಿವಿ ಇಲ್ಲ ಅಂದುಕೊಂಡೇ ಎಲ್ಲರೂ ವಯಸ್ಸಾದೆವು. ಬಿಳಿಯದು ಕೊನೆ ಅನ್ನುವುದರಲ್ಲಿ ಮಾತ್ರ ಎರಡೂ ಕಡೆಯವರು ಒಂದೇ.

ತೀರಿಕೊಂಡ ಅಣ್ಣನದು ಗುಬ್ಬಿ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ. ನಾನು ಚೇಳೂರಿನಿಂದ ಬಂದು ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ತುಮಕೂರಿನ ಕಾಲೇಜಿಗೆ ಹೋಗುತ್ತಿದ್ದೆ. ಎರಡು ಬಸ್ಸಿನ ನಡುವೆ ಸಿಗುತ್ತಿದ್ದ ಮುಕ್ಕಾಲು ಗಂಟೆ ಅಂಗಡಿ ಮುಂದೆ ಕಳೆಯುತ್ತಿದ್ದೆ. ತೆಳ್ಳಗಿನ ಮನುಷ್ಯ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಒಂದು ಪೆನ್ಸಿಲ್. ಅದು ಬರೆಯುವುದಕ್ಕಲ್ಲ, ಸಡಿಲವಾದ ಟೇಪನ್ನು ಸುತ್ತುವುದಕ್ಕೆ. ಹಾಡು ಕೇಳುವಾಗ ಎಡಗಣ್ಣು ಮುಚ್ಚುತ್ತಿದ್ದರು. ಯಾಕೆ ಅಂತ ಕೇಳಿದರೆ, 'ಎರಡೂ ಮುಚ್ಚಿದ್ರೆ ಗಿರಾಕಿ ಹೋಗ್ಬುಡ್ತಾರೆ' ಅನ್ನೋರು.

ಆಗ ಹೊಸ ಕ್ಯಾಸೆಟ್ ಕೊಳ್ಳುವವರು ಕಡಿಮೆ. ಖಾಲಿ ಕ್ಯಾಸೆಟ್ ಕೊಟ್ಟು ಹಾಡು ತುಂಬಿಸಿಕೊಳ್ಳೋದೇ ರೂಢಿ. ಯಾವ ಹಾಡು ಬೇಕು ಅಂತ ಅವರು ಮೊದಲು ಕೇಳುತ್ತಿರಲಿಲ್ಲ. 'ಮನೇಲಿ ಯಾರ್ಯಾರು ಕೇಳ್ತಾರೆ?' ಅನ್ನೋರು. ಅಜ್ಜಿ ಇದ್ದಾರೆ ಅಂದರೆ ಒಂದು ಬಗೆ, ಹೊಸದಾಗಿ ಮದುವೆಯಾಗಿದೆ ಅಂದರೆ ಇನ್ನೊಂದು ಬಗೆ. ಹಾಡಿನ ಪಟ್ಟಿಯನ್ನು ಹಸಿರು ಇಂಕಿನಲ್ಲಿ ದುಂಡಗೆ ಬರೆದು ಕೊಡುತ್ತಿದ್ದರು. ಎಸ್ಸೆಸ್ಸೆಲ್ಸಿ ಫೇಲಾದವರ ಅಕ್ಷರ ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಅಂಗಡಿ ಮುಂದೆ ದಿನಾ ಪಂಚಾಯ್ತಿ. ಯಾವುದು ಮೊದಲು, ಯಾವುದು ಎರಡನೆಯದು. ತೀರ್ಪು ಹೇಳುವವರು ಅವರೇ. ಒಂದು ಕಾನೂನಿತ್ತು: 'ಎರಡೂ ಮಗ್ಗುಲು ಒಂದೇ ಸಲ ಕೂತು ಕೇಳ್ದೋನು ಮಾತಾಡ್ಲಿ. ಒಂದು ಹಾಡು ಕೇಳಿ ಕ್ಯಾಸೆಟ್‌ಗೆ ನಂಬರ್ ಕೊಡೋನು, ಹುಡುಗಿ ಕಾಲುಂಗುರ ನೋಡಿ ಮದ್ವೆ ಒಪ್ಕೊಂಡಂಗೆ.' ನಾನು ಬಿ.ಎ. ಓದುತ್ತಿದ್ದ ಜಂಬದಲ್ಲಿ ಒಂದು ದಿನ ನೋಟ್‌ಬುಕ್ಕಿನಲ್ಲಿ ಹತ್ತು ಕಾರಣ ಬರೆದುಕೊಂಡು ಹೋಗಿ ಹಳದಿಯ ಪರ ವಾದಿಸಿದೆ. ಪೂರ್ತಿ ಕೇಳಿ ಹೇಳಿದರು: 'ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಡಿಗ್ರಿ ತಲೆಗೆ ಕೊಡ್ತಾರೆ, ಕಿವಿಗೆ ಕೊಡಲ್ಲ.' ನಾನು ಮೇಷ್ಟ್ರಾಗುವುದಕ್ಕೆ ನಾಲ್ಕು ವರ್ಷ ಮುಂಚಿನಿಂದಲೂ ಅವರಿಗೆ ಮೇಷ್ಟ್ರು.

ನಮ್ಮ ಮನೆಯಲ್ಲಿ ಡಿಗ್ರಿ ಪಾಸು ಮಾಡಿದವನು ನಾನೇ ಮೊದಲು. ನಮ್ಮಪ್ಪ ಬೇರೆಯವರ ತೋಟದಲ್ಲಿ ಕಾಯಿ ಸುಲಿಯುವವರು. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ತೆಂಗಿನಕಾಯಿ ಕುಕ್ಕಿ ಮೂರು ಏಟಿಗೆ ಸಿಪ್ಪೆ ಬಿಡಿಸುತ್ತಿದ್ದರು. ರಿಸಲ್ಟು ಬಂದ ದಿನ ಗುಬ್ಬಿಗೆ ಬಂದಿದ್ದರು. ಅಂಗಡಿ ಎದುರು ರಸ್ತೆಯಲ್ಲೇ ನಿಂತರು, ಒಳಗೆ ಬರಲಿಲ್ಲ. ಇವರು ಎದ್ದು ಹೋಗಿ ಕರೆತಂದು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು.

'ಯಾವ ಹಾಡು ಹಾಕ್ಲಿ ಯಜಮಾನ್ರೇ?'

'ಯಾವ್ದಾದ್ರೂ ಹಾಕಪ್ಪ. ಕೂತ್ಕೊಂಡು ಹಾಡು ಕೇಳಿ ನಂಗೆ ಗೊತ್ತಿಲ್ಲ' ಅಂದರು ಅಪ್ಪ.

ಹಳದಿಯಲ್ಲಿದ್ದ ಕಾಯಿ ಸುಲಿಯುವವನ ಹಾಡು ಹಾಕಿದರು. ಅಪ್ಪ ಕೇಳುತ್ತಾ ಕೇಳುತ್ತಾ ತೊಡೆಯ ಮೇಲೆ ಕೈ ಆಡಿಸಿದರು. ಮುಗಿದ ಮೇಲೆ, 'ಲೆಕ್ಕ ಸರಿಯಾಗೈತೆ. ಮೂರು ಏಟು, ಒಂದು ಎಸೆತ. ಹಾಡ್ದೋನು ಸುಲ್ದಿರಬೇಕು' ಅಂದರು. ಅಪ್ಪ ಒಂದು ಹಾಡಿನ ಬಗ್ಗೆ ಮಾತಾಡಿದ್ದು ಅದೊಂದೇ ಸಲ. ಆವತ್ತಿನಿಂದ ನನಗೆ ಹಳದಿಯ ಪರ ಹನ್ನೊಂದನೇ ಕಾರಣ ಸಿಕ್ಕಿತು. ಉಳಿದ ಹತ್ತು ಬೇಕಾಗಲಿಲ್ಲ.

ಅವರ ಒಂದು ನಡತೆ ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಪಟ್ಟಿಯ ಕೊನೆಗೆ ಬಿಳಿಯದನ್ನು ಹಾಕಲು ಬಿಡುತ್ತಿರಲಿಲ್ಲ. ಯಾರಾದರೂ, 'ಐದನೇದು ಬಿಳಿ, ಅದರಲ್ಲಿ ಏನೈತೆ, ಗಂಟಲು ಹರ್ಕೊಂಡವ್ನೆ' ಅಂದರೆ ಓಡುತ್ತಿದ್ದ ಹಾಡು ನಿಲ್ಲಿಸಿಬಿಡೋರು.

'ನಾಲ್ಕಕ್ಕೆ ಮಾತಾಡಿ. ಬಿಳೀದನ್ನ ಪಟ್ಟೀಲಿ ಸೇರಿಸ್ಬೇಡಿ.'

'ಯಾಕಣ್ಣ, ಅದು ಅವರದೇ ಅಲ್ವಾ?'

'ಅವರದೇ. ಸೇರಿಸ್ಬೇಡಿ ಅಂದೆ.'

ಅಭಿಮಾನಿಯ ಹಟ ಅಂದುಕೊಂಡೆವು.

ನಾನು ಕೆಲಸಕ್ಕೆ ಸೇರಿದ ಮೇಲೆ ತುಮಕೂರಿನ ಫುಟ್‌ಪಾತಿನಲ್ಲಿ ಹಳೆಯ ಕ್ಯಾಸೆಟ್ ರಾಶಿಯೊಳಗೆ ಹಳದಿಯ ಒರಿಜಿನಲ್ ಸಿಕ್ಕಿತು. ಕಂಪನಿಯದ್ದು, ಮುದ್ರಿಸಿದ ಕವರು. ಅಲ್ಲಿಯವರೆಗೆ ನನ್ನ ಹತ್ತಿರ ಇದ್ದದ್ದು ಇವರು ತುಂಬಿಸಿಕೊಟ್ಟದ್ದೇ. ಮನೆಗೆ ತಂದು ಹಾಕಿದೆ. ಹಾಡು ಎಳೆಯುತ್ತಿತ್ತು. ಗಾಯಕರ ದನಿ ದಪ್ಪ, ನಿಧಾನ. ಟೇಪ್ ರೆಕಾರ್ಡರಿನ ಸೆಲ್ಲು ಇಳಿದಿದೆ ಅಂತ ಹೊಸದು ಹಾಕಿದೆ. ಅಷ್ಟೇ ನಿಧಾನ. ಭಾನುವಾರ ಅದನ್ನೂ ತೆಗೆದುಕೊಂಡು ಗುಬ್ಬಿಗೆ ಹೋದೆ.

'ಅಣ್ಣ, ಈ ಒರಿಜಿನಲ್ ಕೆಟ್ಟೋಗಿದೆ. ಟೇಪ್ ಎಳ್ಕೊಂಡಿರಬೇಕು.'

ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡವರು ಅದನ್ನು ಹಾಕಲೇ ಇಲ್ಲ. ಅಂಗಡಿಯಲ್ಲಿದ್ದ ಇಬ್ಬರು ಹೋಗುವ ತನಕ ಬೇರೆ ಮಾತಾಡಿದರು. ಆಮೇಲೆ ಹೇಳಿದರು.

'ಅದು ಕೆಟ್ಟಿಲ್ಲ ಮೇಷ್ಟ್ರೇ. ನಮ್ಮದು ಕೆಟ್ಟಿರೋದು.'

ಹಳದಿಯದು ಉದ್ದ ಜಾಸ್ತಿ. ಗುಬ್ಬಿಯಲ್ಲಿ ಜನ ಕೊಡುತ್ತಿದ್ದದ್ದು ಅರವತ್ತು ನಿಮಿಷದ ಖಾಲಿ ಕ್ಯಾಸೆಟ್. ತೊಂಬತ್ತರದು ಟೇಪು ತೆಳು, ಸಿಕ್ಕಿಹಾಕಿಕೊಳ್ಳುತ್ತೆ ಅಂತ ಯಾರೂ ಕೊಳ್ಳುತ್ತಿರಲಿಲ್ಲ. ಅರವತ್ತರಲ್ಲಿ ತುಂಬಿಸಿದರೆ ಎರಡೂ ಮಗ್ಗುಲಿನ ಕೊನೆಯ ಹಾಡು ಅರ್ಧಕ್ಕೆ ಕತ್ತರಿಸಿ ಹೋಗುತ್ತಿತ್ತು. 'ಒಬ್ಬ ಮನುಷ್ಯ ಕಚೇರಿ ಮುಗಿಸಿ ಬಂದು ಕೂತು ಬರೆದಿರೋ ಹಾಡು. ಅರ್ಧಕ್ಕೆ ಕತ್ತರಿಸೋಕೆ ನಾನ್ಯಾರು?' ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಹಾಡು ಓಡಿಸುವ ಮಿಷನ್ನಿನ ಮೋಟರಿನ ಹಿಂದೆ ವೇಗ ಹೆಚ್ಚು ಕಡಿಮೆ ಮಾಡುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಕಾಲು ಸುತ್ತು ತಿರುಗಿಸಿದರು. ಹಾಡುಗಳು ಸ್ವಲ್ಪ ಬೇಗ ಓಡಿ ಅರವತ್ತು ನಿಮಿಷದಲ್ಲಿ ಕೂತವು. ಬೇಗ ಓಡಿದರೆ ಸ್ವರವೂ ಏರುತ್ತದೆ. ಹಾಗೆ ಒಂದು ಕಾಪಿ ಮಾಡಿಕೊಂಡು ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದರು. ಗುಬ್ಬಿ, ಚೇಳೂರು, ನಿಟ್ಟೂರಿನ ಅಷ್ಟೂ ಹಳದಿಗಳಿಗೆ ಆ ಒಂದು ಕಾಪಿಯೇ ತಾಯಿ. ಅಂಗಡಿಯಲ್ಲಿ ಹಾಕುತ್ತಿದ್ದದ್ದೂ ಅದೇ. ತುಮಕೂರು, ಕುಣಿಗಲ್ ಕಡೆಯವರು ಕೇಳಿದ್ದು ಕಂಪನಿಯ ವೇಗದಲ್ಲಿ.

ನನಗೆ ನಗು ಬಂತು. ಇಷ್ಟು ವರ್ಷದ ಜಗಳಕ್ಕೆ ಒಂದು ಸ್ಕ್ರೂ ಕಾರಣವೇ ಅಂತ. ಅವರು ನಗಲಿಲ್ಲ.

'ಅದು ಅಲ್ಲಿಗೇ ನಿಂತಿದ್ರೆ ಸರಿಯಾಗಿತ್ತು. ಒಂದು ದಿನ ಅವರೇ ಬಂದ್ರು.'

ಹಳದಿ ಬೇರೆ ಕಡೆಯೆಲ್ಲ ಬಿದ್ದುಹೋಗಿ ಗುಬ್ಬಿಯಲ್ಲಿ ಮಾತ್ರ ಓಡುತ್ತಿದೆ ಅಂತ ಕೇಳಿ ಗಾಯಕರು ನೋಡಲು ಬಂದಿದ್ದರು. ಅಂಗಡಿ ಮುಂದೆ ಜನ ಕಟ್ಟಿಕೊಂಡು ಕೇಳುತ್ತಿದ್ದರು. ಅವರೂ ನಿಂತು ಕೇಳಿದರು. 'ಆವತ್ತು ಗಂಟಲು ಚೆನ್ನಾಗಿತ್ತು ಅಂತ ಕಾಣುತ್ತೆ. ಇಷ್ಟು ಏರಿಸಿ ಹಾಡಿದ್ನಾ ನಾನು' ಅಂದರಂತೆ. ಇವರ ಬಾಯಿಗೆ ಮಾತು ಬಂದು ನಿಂತಿತು. ಸುತ್ತ ಜನ, ಗಾಯಕರ ಮುಖದಲ್ಲಿ ಅಂಥ ಬೆಳಕು. ಹೇಳಲಿಲ್ಲ.

ಮುಂದಿನ ಕ್ಯಾಸೆಟ್ಟನ್ನು ಗಾಯಕರು ಆ ಎತ್ತರಕ್ಕೆ, ಆ ವೇಗಕ್ಕೆ ಹಾಡಿದರು. ವಯಸ್ಸು ಐವತ್ತರ ಹತ್ತಿರ. ಗಂಟಲು ಅಷ್ಟು ಏರಲಿಲ್ಲ. ಹಾಡು ಹಾಡಿಗೂ ಒಡೆಯಿತು. ಅದೇ ಬಿಳಿ. ಕಂಪನಿಯವರು ಮತ್ತೆ ಅವರನ್ನು ಕರೆಯಲಿಲ್ಲ.

'ನೀವೆಲ್ಲ ಕೊನೇದು ಅಂತೀರಲ್ಲ, ಅದು ಅವರದ್ದಲ್ಲ. ನಂದು' ಅಂದರು. ಪೆನ್ಸಿಲ್ ತೆಗೆದು ನನ್ನ ಒರಿಜಿನಲ್ಲಿನ ಟೇಪು ಬಿಗಿಮಾಡಿ ಕೈಗೆ ಕೊಟ್ಟರು.

ಅವರಿಗೆ ಹೇಳಿಬಿಡಿ ಅಂದೆ. ಹೇಳುತ್ತೇನೆ ಅನ್ನುತ್ತಲೇ ಹತ್ತು ವರ್ಷ ತಳ್ಳಿದರು. ಅಷ್ಟರಲ್ಲಿ ಕ್ಯಾಸೆಟ್ ಕಾಲ ಮುಗಿದು ಅಂಗಡಿಯಲ್ಲಿ ಮೊಬೈಲ್ ರೀಚಾರ್ಜ್ ಶುರುವಾಗಿತ್ತು. ಗಾಯಕರು ನಿವೃತ್ತರಾಗಿ ಯಡಿಯೂರಿನಲ್ಲಿ ಮಗಳ ಮನೆಯಲ್ಲಿದ್ದರು. ಕೊನೆಗೆ ಒಂದು ಸೋಮವಾರ ನಾನೇ ರಜಾ ಹಾಕಿ ಬೈಕಿನಲ್ಲಿ ಕೂರಿಸಿಕೊಂಡು ಹೋದೆ.

ಗಾಯಕರು ಬಾಗಿಲಿಗೇ ಬಂದರು. ಕೂರಿಸಿ, ಮಗಳನ್ನು ಕರೆದು ಹೇಳಿದರು: 'ನೋಡಮ್ಮ, ಗುಬ್ಬಿಯವರು ಬಂದವ್ರೆ. ಎಲ್ಲಾ ಕೈ ಬಿಟ್ಟಾಗ್ಲೂ ಗುಬ್ಬಿ ನನ್ನ ಕೈ ಬಿಡಲಿಲ್ಲ. ನಾನು ಒಂದು ಸರಿಯಾಗಿ ಮಾಡಿದ್ದೀನಿ ಅಂದ್ರೆ ಹಳದಿ.'

ಇವರು ಕಾಫಿ ಕುಡಿದರು. ಲೋಟ ಕೆಳಗಿಟ್ಟರು. ಆರೋಗ್ಯ ಹೇಗಿದೆ ಅಂತ ಕೇಳಿದರು. ಎದ್ದು ಬಂದೆವು. ಕುಣಿಗಲ್ ಕೆರೆಯ ಹತ್ತಿರ ಬೈಕ್ ನಿಲ್ಲಿಸಿ ನಾನು ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ, ಇಷ್ಟು ದೂರ ಬಂದದ್ದು ಕಾಫಿ ಕುಡಿಯೋಕಾ ಅಂತ.

'ಹೇಳಿದ್ರೆ ನನ್ನ ಹೊರೆ ಇಳೀತಿತ್ತು ಮೇಷ್ಟ್ರೇ. ಇಳಿದು ಎಲ್ಲಿಗೆ ಹೋಗ್ತಿತ್ತು? ಅವರ ತಲೆ ಮೇಲೆ.'

ನಾನು ಬೈಕ್ ಸ್ಟಾರ್ಟ್ ಮಾಡಿದೆ. ಗುಬ್ಬಿಗೆ ಬಂದೆವು.

ಹೋದ ವರ್ಷ ಕುಣಿಗಲ್‌ನವನು ಐದೂ ಒರಿಜಿನಲ್‌ಗಳನ್ನು ಕಂಪ್ಯೂಟರಿಗೆ ಹಾಕಿ ನೆಟ್ಟಿಗೆ ಬಿಟ್ಟ. ಗುಬ್ಬಿಯವರು ಹಳದಿ ಕೇಳಿ ದಂಗಾದರು. 'ಇದು ಡೂಪ್ಲಿಕೇಟು. ಯಾವನೋ ದನಿ ಅನುಕರಣೆ ಮಾಡವ್ನೆ. ಒರಿಜಿನಲ್ ನಮ್ಮ ಹತ್ರ ಐತೆ' ಅಂತ ಗ್ರೂಪಿನಲ್ಲಿ ಕೂಗಾಟ. 'ಅಣ್ಣನ್ನ ಕೇಳಿ. ಅಣ್ಣ ಹೇಳ್ಲಿ' ಅಂತ ಎಲ್ಲರೂ ಇವರಿಗೇ ಬಿದ್ದರು. ಗಾಯಕರ ಮಗಳೂ ಗ್ರೂಪಿನಲ್ಲಿದ್ದಾರೆ, ಅಪ್ಪನಿಗೆ ಓದಿ ಹೇಳುತ್ತಾರೆ. ಮೂರನೇ ದಿನ ಗಾಯಕರೇ ಇವರಿಗೆ ಫೋನು ಮಾಡಿದರು. 'ಏನ್ ಸ್ವಾಮಿ, ಗುಬ್ಬಿಯವರು ನನ್ನ ಹಳದೀನ ನಂದಲ್ಲ ಅಂತಿದಾರಂತೆ?'

ಇವರು ನನಗೆ ಫೋನು ಮಾಡಿ ಹೇಳಿದ್ದು ಒಂದೇ ಮಾತು. 'ನಾಳೆ ಬೈಕ್ ತರ್ತೀರಾ?'

ಈ ಸಲ ಕಾಫಿಗೂ ಕಾಯಲಿಲ್ಲ. ನಿಂತುಕೊಂಡೇ ಹೇಳಿದರು. ಅರವತ್ತು ನಿಮಿಷದ ಕ್ಯಾಸೆಟ್, ಸ್ಕ್ರೂ, ಅವರು ಅಂಗಡಿಗೆ ಬಂದ ದಿನ, ಬಿಳಿ, ಒಂದೂ ಬಿಡಲಿಲ್ಲ. ಗಾಯಕರು ಕೇಳಿದ್ದು ಒಂದೇ ಪ್ರಶ್ನೆ.

'ಎಷ್ಟು ತಿರುಗಿಸಿದ್ರಿ?'

'ಕಾಲು ಸುತ್ತು ಸಾರ್.'

ಆಮೇಲೆ ಗಾಯಕರು ನನ್ನ ಕಡೆ ತಿರುಗಿದರು. 'ಮೇಷ್ಟ್ರೇ, ನೀವು ಎರಡೂ ಕೇಳಿದ್ದೀರ. ಯಾವುದು ಚೆನ್ನಾಗಿದೆ?'

ಇಪ್ಪತ್ತೈದು ವರ್ಷ ಪಾಠ ಮಾಡಿದವನು ನಾನು. ಸಭೆಯಲ್ಲಿ ಮಾತಿಗೆ ತಡವರಿಸಿದವನಲ್ಲ. ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. 'ಗುಬ್ಬೀದು ಸಾರ್' ಅಂದೆ. ಯಾಕೆ ಅಂದರು. ಅಪ್ಪನ ಮಾತು ಹೇಳಿದೆ. ಮೂರು ಏಟು, ಒಂದು ಎಸೆತ, ಲೆಕ್ಕ ಸರಿಯಾಗಿದೆ ಅಂದಿದ್ದರು ಅಂತ.

ಗಾಯಕರು ತಲೆಯಾಡಿಸಿದರು. 'ಬೆಳಿಗ್ಗೆ ಹೊತ್ತಿನ ಲೆಕ್ಕ ಅದು. ನಿಮ್ಮಪ್ಪ ನಿಜಾನೇ ಹೇಳಿದಾರೆ. ಆದ್ರೆ ನನ್ನ ಹಾಡಲ್ಲಿ ಅವನು ಸುಲೀತಿರೋದು ಸಾಯಂಕಾಲ. ಸಾವಿರ ಕಾಯಿ ಆಗಿದೆ. ಕೈ ಸೋತಿದೆ, ರಾಶಿ ಮುಗಿದಿಲ್ಲ. ಅದಕ್ಕೇ ನಿಧಾನ.'

ನಾನು ಕಾಯಿ ಸುಲಿಯುವವನ ಮಗ. ಕಾಲೇಜಿನಿಂದ ಮನೆಗೆ ಬರುತ್ತಿದ್ದದ್ದೇ ಸಾಯಂಕಾಲ. ಅಪ್ಪ ಆ ಹೊತ್ತಿಗೆ ಹೇಗೆ ಸುಲಿಯುತ್ತಿದ್ದರು ಅಂತ ದಿನಾ ನೋಡಿದವನು. ಕಾಯಿಯನ್ನು ಮೊನೆಗೆ ಕುಕ್ಕಿ ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದರು. ಹಾಡಿನ ಪರ ಹನ್ನೊಂದು ಕಾರಣ ಹೇಳಿದವನಿಗೆ ಅದು ತಲೆಗೇ ಬಂದಿರಲಿಲ್ಲ.

ಗಾಯಕರು ಇವರ ಕಡೆ ನೋಡಿ ಹೇಳಿದರು: 'ಆವತ್ತು ನಿಮ್ಮ ಅಂಗಡೀಲಿ ನಂಗೂ ಅದು ಮರೆತೋಯ್ತು ಬುಡಿ. ಜನ ತಲೆ ಆಡಿಸ್ತಿದ್ರಲ್ಲ. ಗಂಟಲು ನಂದು, ಏರಿಸಿದ್ದು ನಾನು. ಕೂತ್ಕೊಳಿ, ಎಷ್ಟೊತ್ತು ನಿಲ್ತೀರಾ.' ಇವರು ಕೂತರು. ಗಾಯಕರು ಬೇಡಿದ್ದು ಒಂದೇ, ಹಾಡಿದ್ದು ಹಾಡಿದ ಹಾಗೇ ಉಳಿಯಲಿ ಅಂತ.

ಅದೇ ಸಂಜೆ ಇವರು ತಮ್ಮ ಹೆಸರು ಹಾಕಿ ಗ್ರೂಪಿಗೆ ಬರೆದರು. ನನ್ನ ಕೈಲಿ ಬರೆಸಲಿಲ್ಲ, ಒಂದೊಂದೇ ಅಕ್ಷರ ತಾವೇ ಒತ್ತಿದರು. 'ನಮ್ಮ ಅಂಗಡಿ ಹಳದಿ ತಪ್ಪು. ವೇಗ ನಾನು ಏರಿಸಿದ್ದು. ಕುಣಿಗಲ್‌ನವರು ಹಾಕಿರುವುದೇ ಸರಿ. ಬಿಳಿಯದು ಹಾಳಾದದ್ದೂ ನನ್ನಿಂದ. ಅದಕ್ಕೆ ನಂಬರ್ ಕೊಡಬೇಡಿ.'

ತುಮಕೂರಿನವರು ಹೋಳಿಗೆಯ ಚಿತ್ರ ಹಾಕಿ ಗೆದ್ದೆವು ಅಂದರು. ಗುಬ್ಬಿಯವರು ಸಿಟ್ಟಾದರು. 'ವಯಸ್ಸಾದ್ಮೇಲೆ ಅಣ್ಣಂಗೆ ಯಾರೋ ಹೇಳಿಕೊಟ್ಟವ್ರೆ' ಅಂದ ಒಬ್ಬ. ಮೂವತ್ತು ವರ್ಷದ ಗಿರಾಕಿಗಳು ಬಸ್‌ಸ್ಟ್ಯಾಂಡಿನಲ್ಲಿ ಮುಖ ತಿರುಗಿಸಿದರು. ಬಿಳಿಯ ಬಗ್ಗೆ ಒಬ್ಬನೂ ಒಂದು ಮಾತು ಬರೆಯಲಿಲ್ಲ. ಒಂದು ವಾರಕ್ಕೆ ಹೊಸ ಪಟ್ಟಿ ಬಂತು. ಐದನೆಯದು ಬಿಳಿಯೇ.

ಅವರನ್ನು ಕೊನೆಯ ಸಲ ನೋಡಿದ್ದು ಯುಗಾದಿ ಕಳೆದ ಮೇಲೆ. ಕಾಲು ಊದಿಕೊಂಡು ಮಂಚದ ಮೇಲಿದ್ದರು. ಬಾಗಿಲು ತೆಗೆದೇ ಇತ್ತು. ನೆಟ್ಟಿಗೆ ಹಾಕಿದ ಹಳದಿಯನ್ನು ಮೊಬೈಲಿನಲ್ಲಿ ಕೇಳುತ್ತಿದ್ದರು, ಅದೇ ಕಾಯಿ ಸುಲಿಯುವವನ ಹಾಡು. ನನ್ನನ್ನು ನೋಡಿ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಕೂರಲು ಕೈ ತೋರಿಸಿದರು. ಈಗ ಎರಡೂ ಕಣ್ಣು ಮುಚ್ಚಿದ್ದರು.

'ದಿನಾ ಕೇಳ್ತಿದೀರಾ ಅಣ್ಣ?'

'ದಿನಾ. ಇನ್ನೂ ತಾಳ ಕೂಡ್ತಿಲ್ಲ ಮೇಷ್ಟ್ರೇ. ನಮ್ಮ ವೇಗಕ್ಕೆ ಒಗ್ಗಿದ ಕಿವಿ ಮೊದಲೇ ಹೋಗಿ ಮುಂದಿನ ಸಾಲಲ್ಲಿ ನಿಂತ್ಕೊಂಡ್ಬುಡುತ್ತೆ. ಅವರಿನ್ನೂ ಹಿಂದೆ ಬರ್ತಿರ್ತಾರೆ.'

'ಮತ್ತೇನ್ ಮಾಡ್ತೀರಾ?'

'ಏನ್ ಮಾಡೋದು? ನಿಂತಿರ್ತೀನಿ. ಸುಸ್ತಾಗಿದೆಯಲ್ಲ ಅವರಿಗೆ, ನಿಧಾನಕ್ಕೆ ಬರ್ಲಿ.'